ಬಾಯಿ ಹೋದಮೇಲೆ ಏನು ಮಾಡಬೇಕು?

“ಬಾಯಿ ಹ್ವಾದಮ್ಯಾಲ ಏನ್ ಮಾಡಬೇಕ್ರಿ?” ನಾಲ್ಕನೇ ತರಗತಿಯ ಕಸ್ತೂರಿ ಹೊಸ ಸ್ಮಾರ್ಟ್ ಬೋರ್ಡನ್ನು ಕೇಳಿದಳು. ಮಹಾರಾಷ್ಟ್ರದ ಅಕ್ಕಲಕೋಟೆಯ ಕಡೆ ಕನ್ನಡ ಶಾಲೆಗಳಲ್ಲೂ ಮರಾಠಿ ರೂಢಿಯಂತೆ ಶಿಕ್ಷಕಿಗೆ ‘ಬಾಯಿ’ ಎನ್ನುತ್ತಾರೆ. ಆ ಬಾಯಿ ನಾನೇ. ಕೆಲಸ ಬಿಟ್ಟು ಸೊಲ್ಲಾಪುರಕ್ಕೆ ಕಾನೂನು ಓದಲು ಹೊರಟಿದ್ದೆ. ಅಂದು ಶಾಲೆಯಲ್ಲಿ ನನ್ನ ಕೊನೆಯ ದಿನ.

ಸೀಮೆಸುಣ್ಣದ ಕಾಲ ಮುಗಿಯಿತು, ನನ್ನ ಬದಲಿಗೆ ಯಾರೂ ಬರದಿದ್ದರೂ ಈ ಬೋರ್ಡ್ ಎಲ್ಲದಕ್ಕೂ ಉತ್ತರ ಕೊಡುತ್ತದೆ ಎಂದು ಚರ್ಚಾಸ್ಪರ್ಧೆಯ ಧಾಟಿಯಲ್ಲಿ ಆಗಷ್ಟೇ ವಾದಿಸಿ ಗೆದ್ದಿದ್ದೆ. ಒಂಬತ್ತು ವರ್ಷದವರ ಎದುರು ನಾನು ಸೋತದ್ದೇ ಇಲ್ಲ.

ಬೋರ್ಡ್ ತಡಮಾಡಲಿಲ್ಲ. “ಬಾಯಿ ಹುಣ್ಣಿಗೆ ಉಪ್ಪುನೀರಿನಿಂದ ಮುಕ್ಕಳಿಸಿ” ಎಂದು ಹೇಳಿ, ಅಗಲವಾಗಿ ತೆರೆದ ಬಾಯಿಯ ಚಿತ್ರ ತೋರಿಸಿತು. ನನ್ನನ್ನು ಬಲ್ಲವರು ಆ ಚಿತ್ರ ತಪ್ಪೆನ್ನಲಾರರು. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ಕಸ್ತೂರಿ ನಗಲಿಲ್ಲ.

“ಇದಕ್ಕ ತಿಳೀಲಿಲ್ರೀ ಬಾಯಿ. ನೀವ ಹೇಳ್ರಿ, ನಾಳಿಂದ ನಮಗ ಕನ್ನಡ ಯಾರ್ ಕಲಸ್ತಾರ?”

“ಬೋರ್ಡಿಗೆ ಇನ್ನೊಮ್ಮಿ ಸಾವಕಾಶ ಕೇಳವಾ” ಎಂದೆ.

ಕಾನೂನು ಕಾಲೇಜಿನಲ್ಲಿ ಈಗ ಎಂಥ ಪ್ರಶ್ನೆಗೂ ತಿರುಗೇಟು ಕೊಡುತ್ತೇನೆ. ಕಸ್ತೂರಿಗೆ ಮಾತ್ರ ನಾನು ಕೊಟ್ಟ ಉತ್ತರ ಬೋರ್ಡಿನದಕ್ಕಿಂತ ಕಳಪೆ. ಅದಾದರೂ ಉಪ್ಪುನೀರು ಹೇಳಿತ್ತು.