ಮಡ್‌ಗಾರ್ಡಿನ ಮೇಲೆ ಕೂತು ಹೊಲ ನೋಡಿದವರು

ಹೊಲ ಮಾರಿಸಿಕೊಡುವುದು ನನ್ನ ಕಸುಬು. ಮಳೆ ಬಿದ್ದ ಮರುದಿನ ನಮ್ಮ ಎರೆನೆಲ ತೋರಿಸಬಾರದೆಂಬುದು ಈ ಕಸುಬಿನ ಮೊದಲ ಪಾಠ. ಕೊಳ್ಳುವವರಿಗೆ ಬಿಡುವಾಗುವುದು ಅಂದೇ ಎಂಬುದು ಎರಡನೆಯದು. ಕಾರು, ಬೈಕು, ಕೊನೆಗೆ ಮನುಷ್ಯನ ಕಾಲು, ಯಾವುದೂ ಆ ಕೆಸರಿನಲ್ಲಿ ನಡೆಯದು. ಹಾಗಾಗಿ ಅಂದು ಹೊರ್ತಿ ಊರಿನಾಚೆಯ ಎಂಟೆಕರೆ ಹೊಲ ತೋರಿಸಲು ನನ್ನ ಟ್ರ್ಯಾಕ್ಟರೇ ಗತಿಯಾಯಿತು.

ಗಿರಾಕಿಗಳು ಇಂಡಿಯಲ್ಲಿ ಔಷಧದ ಅಂಗಡಿ ಇಟ್ಟಿದ್ದ ಸಾಹೇಬರು ಮತ್ತು ಅವರ ಹೆಂಡತಿ. ಇಬ್ಬರೂ ಅದುವರೆಗೆ ಟ್ರ್ಯಾಕ್ಟರನ್ನು ಹಿಂದಿಕ್ಕಿದ್ದರೇ ಹೊರತು ಹತ್ತಿದವರಲ್ಲ. ನಾನು ದೀಕ್ಷೆ ಕೊಡುವ ಗಾಂಭೀರ್ಯದಿಂದ ವಿವರಿಸಿದೆ: ಒಬ್ಬೊಬ್ಬರಿಗೆ ಒಂದೊಂದು ಮಡ್‌ಗಾರ್ಡು, ಹಿಡಿದ ಕಂಬಿ ಬಿಡಕೂಡದು, ಗಾಡಿ ಕುಣಿಯುವಾಗ ನಾಲಿಗೆ ಹಲ್ಲುಗಳ ನಡುವೆ ಇರಕೂಡದು.

"ಬೆಲ್ಟ್ ಎಲ್ಲೈತ್ರಿ?" ಎಂದರು ಸಾಹೇಬರು.

"ನಿಮ್ಮ ಕೈನೇ ಬೆಲ್ಟ್ ರೀ."

"ಬಿದ್ರ?"

"ಕೆಸರು ಮೆತ್ತಗೈತ್ರಿ."

ಹೆಂಡತಿ ಬುರ್ಖಾದ ಅಂಚು ತುಸು ಎತ್ತಿ ಹಿಡಿದು, "ನೀವು ಕೆಳಗ ನಿಂತು ವಿಚಾರ ಮಾಡ್ರಿ, ನಾ ನೋಡಿ ಬರ್ತೇನಿ" ಎಂದು ಹತ್ತಿಯೇ ಬಿಟ್ಟರು. ಸಾಹೇಬರಿಗೆ ಬೇರೆ ದಾರಿ ಉಳಿಯಲಿಲ್ಲ.

ಹೊಲದ ಒಡೆಯ ಹಿಂದಿನ ಕೊಂಡಿಯ ಮೇಲೆ ನಿಂತಿದ್ದ. ನಾಲತವಾಡದ ಕಡೆ, ಹೆಂಡತಿಯ ತವರಿನ ಹತ್ತಿರ, ಕಾಲುವೆ ನೀರಿನ ಹೊಲ ಸಿಕ್ಕಿದ್ದರಿಂದ ಇದನ್ನು ಮಾರುತ್ತಿದ್ದ. ಅವನ ಶರತ್ತು ಒಂದೇ: ಬೇವಿನ ಮರದ ಮೂಲೆಯಲ್ಲಿ ತನ್ನ ಎತ್ತನ್ನು ಹೂತಿದ್ದಾನೆ, ಅಲ್ಲಿ ನೇಗಿಲು ಆಡಬಾರದು. ಅದನ್ನು ತಾನೇ ಹೇಳಲು ನಾಚಿಕೆ. "ನೀವ ಹೇಳ್ರಿ. ಒಪ್ಪಲಿಲ್ಲಂದ್ರ ನಾ ಹೊಲ ಕೊಡೂದಿಲ್ಲ" ಎಂದಿದ್ದ. ಹೇಳುತ್ತೇನೆಂದು ಒಪ್ಪಿದ್ದೆ, ಯಾವಾಗ ಎಂದು ಮಾತ್ರ ತಿಳಿಸಿರಲಿಲ್ಲ. ಮುಂಗಡ ಕೊಟ್ಟಾದ ಮೇಲೆ ಸತ್ಯವನ್ನು ಎಲ್ಲರೂ ಹೆಚ್ಚು ಸಮಾಧಾನದಿಂದ ಕೇಳುತ್ತಾರೆಂಬುದು ದಲ್ಲಾಳಿಗಳ ಅನುಭವ.

ಹೊಲ ಹೊಕ್ಕ ಕೂಡಲೇ ಸಾಹೇಬರ ಕಣ್ಣು ಬಿದ್ದದ್ದು ಆ ಬೇವಿನ ಮೇಲೆ. ಎರೆಯ ಮೇಲೆ ಕಟ್ಟಿದ ಗೋಡೆ ಬಿರಿಯುತ್ತದೆ. ಇಡೀ ಹೊಲದಲ್ಲಿ ಗಟ್ಟಿ ಗರಸು ನೆಲವಿದ್ದದ್ದು ಆ ಮೂಲೆಯೊಂದೇ. "ಮನಿ ಅಲ್ಲೇ ಕಟ್ಟೂಣು!" ಎಂದು ಕೂಗಿದರು. ನಾನು ಸ್ಟಿಯರಿಂಗನ್ನು ಆಚೆ ತಿರುಗಿಸಿದೆ. ಟ್ರ್ಯಾಕ್ಟರು ನನ್ನ ಅಭಿಪ್ರಾಯ ಕೇಳದೆ ಮರದ ಕಡೆಗೇ ಜಾರಿತು.

"ಏ, ತಡೀರಿ! ಅದರ ಮ್ಯಾಲ ಹಾಯಿಸಬ್ಯಾಡ್ರಿ!" ಒಡೆಯ ಧುಮುಕಿ, ಮುಂದೆ ಓಡಿ, ಎರಡೂ ಕೈ ಚಾಚಿ ನಿಂತ. ಎಂಜಿನ್ ಬಂದ್ ಮಾಡಿದೆ.

"ಯಾರದ್ರಿ ಅದು?" ಮರದ ಬುಡದ ಮಣ್ಣಿನ ದಿಬ್ಬ ಕಂಡು ಸಾಹೇಬರ ಹೆಂಡತಿ ಮೆಲ್ಲಗೆ ಕೇಳಿದರು.

ಅವನು ನನ್ನತ್ತ ನೋಡಿದ. ನಾನು ಬೇವಿನ ಮರದತ್ತ ನೋಡಿದೆ.

"ನನ್ನ ಎತ್ತ್ರಿ," ಎಂದ ಕೊನೆಗೆ. "ಹನ್ನೆರಡು ವರ್ಷ ನನ್ನ ಕೂಡ ದುಡೀತು."

"ಹೆಸರೇನಿತ್ತು?"

"ಹೆಸರಾ? ಏ ಅಂದ್ರ ಬರ್ತಿತ್ರಿ."

ಸಾಹೇಬರು ಕೆಳಗಿಳಿದು, ಎರಡೇ ಹೆಜ್ಜೆಗೆ ಎರಡೂ ಚಪ್ಪಲಿಗಳನ್ನು ಭೂಮಿಗೆ ಒಪ್ಪಿಸಿ, ಬರಿಗಾಲಲ್ಲಿ ಮರದವರೆಗೆ ಹೋದರು.

"ಇದಕ್ಕ ಎಷ್ಟು ಜಾಗ ಬೇಕ್ರಿ?" ಎಂದರು. "ಉಳಿದದ್ದರಾಗ ಸಣ್ಣ ಮನಿ ಕಟ್ಟಿದ್ರಾತು."

ಒಡೆಯ ನಾಲ್ಕು ಕಲ್ಲು ಹುಡುಕಿ ತಂದು ನೆಟ್ಟ. ಹೆಚ್ಚು ಕೇಳಿದಂತಾದೀತೆಂದು ಬಹಳ ಹತ್ತಿರ ಹತ್ತಿರ.

"ಇಷ್ಟ ಯಾಕ್ರಿ ಬಿಗಿ?" ಎಂದು ಸಾಹೇಬರ ಹೆಂಡತಿ ಕಲ್ಲೊಂದನ್ನು ಕಿತ್ತು ಒಂದು ಮಾರು ಆಚೆ ಇಟ್ಟರು. "ಕಾಲ ಚಾಚಲಿ."

"ಎತ್ತು ಕಾಲ ಮಡಚಿ ಮಲಗ್ತೈತ್ರಿ ಅಕ್ಕಾರ."

"ಹನ್ನೆರಡು ವರ್ಷ ಮಡಚಿದ್ದು ಸಾಕು. ಈಗರ ಚಾಚಲಿ ಬಿಡ್ರಿ."

ಅವನು ಎರಡನೆಯ ಕಲ್ಲನ್ನು ತಾನೇ ಸರಿಸಿದ, ಒಂದು ಗೇಣು ಮಾತ್ರ. ಉಳಿದೆರಡನ್ನು ನಾನು ಸರಿಸಿದೆ. ಬೆಳಗಿನಿಂದ ಈ ದಲ್ಲಾಳಿ ಮಾಡಿದ ಪ್ರಾಮಾಣಿಕ ಕೆಲಸ ಅದೊಂದೇ.