ಶೆಲ್ ನೆನಪಿಟ್ಟ ಸಾಲುಗಳು

ಬೈಲಹೊಂಗಲದ ಹತ್ತಿ ಮಿಲ್ಲಿನ ತೂಕದ ಲೆಕ್ಕವನ್ನು ನಮ್ಮ ಯಜಮಾನರು ಸವದತ್ತಿಯ ಮನೆಯಲ್ಲೇ ಕುಳಿತು ಕಂಪ್ಯೂಟರಿನಲ್ಲಿ ಜೋಡಿಸುತ್ತಿದ್ದರು. ಪಕ್ಕದಲ್ಲಿ ಜೋಳ ಹಸನು ಮಾಡುತ್ತಲೇ ನಾನೂ ಕಲಿತೆ. ಅವರು ಲಿಂಗೈಕ್ಯರಾದ ಮೇಲೆ ಮಿಲ್ಲಿನವರು ಆ ಕೆಲಸ ನನಗೇ ಬಿಟ್ಟರು. ಶಿವನ ಕರುಣೆ.

ಯುನಿಕ್ಸ್ ಯಂತ್ರದಲ್ಲಿ ನಾವು ಬರೆದ ಆಜ್ಞೆಯನ್ನು ಓದಿ ಕೆಲಸ ಮಾಡಿಸುವುದಕ್ಕೆ ಶೆಲ್ ಎನ್ನುತ್ತಾರೆ. ಮಿಲ್ಲಿನ ಹಳೆಯ ಯಂತ್ರದ ಶೆಲ್ ಏನನ್ನೂ ನೆನಪಿಡುತ್ತಿರಲಿಲ್ಲ. ಒಂದಕ್ಷರ ತಪ್ಪಿದರೆ ಇಡೀ ಸಾಲು ಮತ್ತೆ ಬರೆಯಬೇಕು. ಮನೆಯದು ಬ್ಯಾಶ್ ಎಂಬ ಈಚಿನದು. ಮೇಲ್ಬಾಣದ ಗುಂಡಿ ಒತ್ತಿದರೆ ಹಿಂದೆ ಬರೆದದ್ದು ಒಂದೊಂದಾಗಿ ಬರುತ್ತದೆ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಯಂತ್ರಕ್ಕೂ ಒಂದೆಳೆ ವಿಭೂತಿ ಹಚ್ಚಿ, ನನ್ನ ಸಾಲುಗಳನ್ನು ದಾಟಿ ಅವರ ಸಾಲುಗಳವರೆಗೆ ಏರುತ್ತಿದ್ದೆ. ಅವಸರದಲ್ಲಿ ಅವರು ಮಾಡಿದ ತಪ್ಪುಗಳೂ ಹಾಗೇ ಇದ್ದವು. ದಿನವಿಡೀ ಮನೆಯಲ್ಲಿ ಬೇರೆ ಮಾತಿರಲಿಲ್ಲ.

ಒಂದು ದಿನ ಮೇಲ್ತುದಿಯಲ್ಲಿದ್ದ ಅವರ ತೀರ ಹಳೆಯ ಕೆಲವು ಸಾಲು ಕಾಣಲಿಲ್ಲ. ಮಿಲ್ಲಿನ ಯಂತ್ರ ನೋಡಿಕೊಳ್ಳುವ ಕಟಕೋಳದ ಹೆಣ್ಣುಮಗಳಿಗೆ ಫೋನ್ ಮಾಡಿ ಕರೆಸಿದೆ.

“ಇದಕ್ಕ ಇಷ್ಟಽ ಸಾಲಂತ ಮಿತಿ ಐತ್ರಿ ಅಕ್ಕಾರ. ನೀವು ಹೊಸಾವು ಬರದಂಗ ಹಳೇವು ಉದರತಾವು.”

“ಅಂದ್ರ ಅವರನ್ನ ನಾನಽ ಹೊರಗ ಹಾಕಾಕ ಹತ್ತೇನಿ ಅನ್ನು.”

“ಹಂಗ್ಯಾಕ ಅಂತೀರಿ? ಮದಲಿನ ಶೆಲ್ಲಿಗೆ ನೆನಪಽ ಇರಲಿಲ್ರಿ. ಆಮ್ಯಾಲ ಬಂದ ಸಿ ಶೆಲ್ ನೆನಪಿಡಾಕ ಕಲೀತು, ಕಾರ್ನ್ ಶೆಲ್ ಕುಂತಲ್ಲೇ ತಿದ್ದಾಕ ಕೊಟ್ತು. ಎರಡೂ ಬುದ್ಧಿ ಇದಕ್ಕ ಬಂದಾವು. ಮಿತಿ ತಗದ ಬಿಡ್ಲೇನು?”

“ತಗದ್ರ ನನ್ನವು ಗುಡ್ಡದಂಗ ಬೆಳೀತಾವು. ಅವರು ದೂರ ಹೋಗ್ತಾರ.”

ಅವಳು ನಕ್ಕಳು. “ಭಾಳ ಹಟಾ ಬಿಡ್ರಿ ನಿಮ್ದು! ಹಂಗಾರ ಸಾಲಿನ ಮದಲ ಒಂದು ಖಾಲಿ ಜಾಗಾ ಬಿಟ್ಟು ಬರೀರಿ. ಅಂಥಾ ಸಾಲು, ಮತ್ತ ಕಡೀ ಸಾಲನ್ನಽ ತಿರುಗಿ ಕೊಟ್ರ ಅದನ್ನೂ, ಹೊಸದಾಗಿ ನೆನಪ ಇಡಬ್ಯಾಡಂತ ಇದಕ್ಕ ಹೇಳಿಡತೇನಿ.”

“ಇಲ್ಲೀಮಟ ನಾ ಬರದದ್ದನ್ನೂ ಅಳಿಸವ್ವಾ.”

“ನಿಮ್ದು ಒಂದೂ ಬ್ಯಾಡೇನ್ರಿ?”

“ಬ್ಯಾಡ.”

ಉದುರಿದವು ಬರಲಿಲ್ಲ. ಉಳಿದಷ್ಟು ಉಳಿದವು, ಅದೂ ದೇವರು ಕೊಟ್ಟದ್ದೇ. ಈಗ ಗುಂಡಿಯನ್ನು ಒಮ್ಮೆ ಒತ್ತಿದರೆ ಅವರ ಕಡೆಯ ಸಾಲೇ ಬರುತ್ತದೆ. ಅದು ಯಂತ್ರವನ್ನು ಬಂದ್ ಮಾಡುವ ಆಜ್ಞೆ. ಹಗಲು ಅದನ್ನು ನೋಡಿ, ಕೆಳಬಾಣ ಒತ್ತಿ ಖಾಲಿ ಸಾಲಿಗೆ ಇಳಿದು, ಮೊದಲು ಒಂದು ಜಾಗ ಬಿಟ್ಟು ನನ್ನ ಕೆಲಸ ಶುರು ಮಾಡುತ್ತೇನೆ. ಸಂಜೆ ಕೆಲಸ ತೀರಿದ ಮೇಲೆ ಅದನ್ನೇ ಕರೆದು ಎಂಟರ್ ಒತ್ತುತ್ತೇನೆ. ನಮ್ಮ ಮನೆಯಲ್ಲಿ ಯಂತ್ರ ಬಂದ್ ಮಾಡುವವರು ಇನ್ನೂ ಅವರೇ.