ಒಂದು ಚಮಚ ಪಾದೋದಕ

ಅಕ್ಕನಿಗೆ ಪಾರ್ಶ್ವವಾಯು ಹೊಡೆದದ್ದು ಹಿಂದೂಪುರದ ನನ್ನ ಮನೆಯಲ್ಲಿ. ಜಗುಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು. ಹಣ್ಣು ಕೈಯಿಂದ ಜಾರಿತು, ಬಾಯಿ ಒಂದು ಕಡೆಗೆ ವಾಲಿತು. ಆಸ್ಪತ್ರೆಗೆ ಬೇಗ ತಲುಪಿದ್ದರಿಂದ ಜೀವ ಉಳಿಯಿತು. ಬಲಗೈ, ಬಲಗಾಲು, ಮಾತು ಹೋದವು. ನುಂಗುವುದೂ ಸರಿಯಾಗಿ ಆಗುತ್ತಿರಲಿಲ್ಲ. ಕೆಲವು ವಾರ ಮೂಗಿನ ಟ್ಯೂಬಿನಲ್ಲೇ ಆಹಾರ ಹೋಯಿತು.

ಟ್ಯೂಬ್ ತೆಗೆದು ಮನೆಗೆ ಕಳಿಸುವಾಗ ಆಸ್ಪತ್ರೆಯವರು ನಮಗೆ ಒಬ್ಬ ಹೆಣ್ಣುಮಗಳನ್ನು ಗೊತ್ತುಮಾಡಿದರು. ರೋಗಿಗೂ ಡಾಕ್ಟರಿಗೂ ನಡುವೆ ನಿಂತು ದಾರಿ ತೋರಿಸುವುದು ಆಕೆಯ ಕೆಲಸ. ಯಾವಾಗ ಯಾರ ಹತ್ತಿರ ಹೋಗಬೇಕು, ವ್ಯಾಯಾಮ ಹೇಗೆ ಮಾಡಿಸಬೇಕು, ಏನು ತಿನ್ನಿಸಬೇಕು, ಎಲ್ಲವನ್ನೂ ಹೇಳುತ್ತಿದ್ದರು. ಅಂದು ಒತ್ತಿ ಹೇಳಿದ್ದು ಒಂದೇ ಮಾತು: ನೀರು ಕೊಡಬೇಡಿ. ಅಕ್ಕನ ಗಂಟಲು ತೆಳುವಾದದ್ದನ್ನು ತಡೆಯಲಾರದು, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ರಾಗಿ ಗಂಜಿಯನ್ನು ಚಮಚದಿಂದ ಜಾರದಷ್ಟು ಗಟ್ಟಿಯಾಗಿ ಕಾಯಿಸಿ ಕೊಡಬೇಕು. ಹೊಟ್ಟೆಗೆ ಸಾಲದೇ ಹೋದರೆ ಮತ್ತೆ ಟ್ಯೂಬ್.

ಆ ಮಾತು ಕೇಳಿ ಅಕ್ಕ ಎಡಗೈಯಿಂದ ಮೂಗು ಮುಚ್ಚಿಕೊಂಡಳು. ಟ್ಯೂಬ್ ಹಾಕಿದ್ದ ದಿನಗಳಲ್ಲಿ ಅದನ್ನು ಕಿತ್ತುಕೊಳ್ಳದಂತೆ ಅವಳ ಆ ಕೈಯನ್ನು ಮಂಚಕ್ಕೆ ಕಟ್ಟಿದ್ದರು.

ಭಾವನದು ಕಲ್ಯಾಣದುರ್ಗದಲ್ಲಿ ಬಟ್ಟೆ ಅಂಗಡಿ. ಅಕ್ಕನನ್ನು ಅಲ್ಲಿಗೇ ಕರೆದುಕೊಂಡು ಹೋದರು. ನೋಡಿಕೊಳ್ಳಲು ಭಾವನ ಅಕ್ಕ ಬೆಳುಗುಪ್ಪದಿಂದ ಬಂದರು. ಗಟ್ಟಿ ಹೆಂಗಸು, ಗಟ್ಟಿ ದನಿ. ಆಸ್ಪತ್ರೆಯ ಆಕೆ ದಿನ ಬಿಟ್ಟು ದಿನ ಫೋನ್ ಮಾಡುತ್ತಿದ್ದುದರಿಂದ ಅವರಿಗೆ ‘ಫೋನಮ್ಮ’ ಎಂದು ಹೆಸರಿಟ್ಟವರೂ ಇವರೇ. ನಾನು ಪತ್ರಿಕೆಯ ವರದಿಗಾರ. ವಾರದ ರಜೆಗೆ ಬಸ್ಸು ಹಿಡಿದು ಹೋಗಿಬರುತ್ತಿದ್ದೆ.

ಹಾಗೆ ಹೋದ ಒಂದು ದಿನ ಅಕ್ಕನಿಗೆ ಜ್ವರವಿತ್ತು. ಎದೆಯಲ್ಲಿ ಗೊರಗೊರ ಸದ್ದು. ಅಲ್ಲಿನ ಡಾಕ್ಟರು ಎದೆಯಲ್ಲಿ ಸೋಂಕಾಗಿದೆ ಎಂದು ಮಾತ್ರೆ ಬರೆದಿದ್ದರು. ಫೋನಮ್ಮ ಕರೆ ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ. ನೀರೇನಾದರೂ ಕೊಟ್ಟಿರಾ ಎಂದು ಮೊದಲು ತೆಲುಗಿನಲ್ಲಿ, ಆಮೇಲೆ ಕನ್ನಡದಲ್ಲಿ ಕೇಳಿದರು. ಇಲ್ಲ ಎಂದರು ಭಾವ. ಭಾವನ ಅಕ್ಕ ಫೋನಿನ ಹತ್ತಿರ ಬಾಯಿ ತಂದು, ಮನೆಗೆ ಬಂದವರನ್ನು ಎಳನೀರಿನ ಸಮೇತ ಬಾಗಿಲಲ್ಲೇ ವಾಪಸ್ ಕಳಿಸಿದ್ದೇನೆ ಎಂದರು. ಮಜ್ಜಿಗೆ, ಚಹಾ, ಸಾರು ಯಾವುದೂ ಇಲ್ಲ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಜನ ಮಾತು ಮುಚ್ಚಿಡುವಾಗ ಮುಖ ಹೇಗಾಗುತ್ತದೆಂದು ನೋಡಿ ಗೊತ್ತಿದ್ದ ನನಗೂ ಅಲ್ಲಿ ಏನೂ ಕಾಣಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಫೋನಮ್ಮನೇ ಬಂದರು. ಏನೂ ಕೇಳದೆ ಮಂಚದ ಪಕ್ಕ ಸ್ಟೂಲು ಹಾಕಿಕೊಂಡು ಕೂತರು. ನಿಮ್ಮ ಕೆಲಸ ನೀವು ಮಾಡಿ, ನಾನು ನೋಡುತ್ತೇನೆ ಎಂದರು.

ಭಾವ ಅಕ್ಕನ ಮುಖ ತೊಳೆಸಿದರು, ಹಣೆಗೆ ವಿಭೂತಿ ಹಚ್ಚಿದರು. ಅಕ್ಕ ಲಿಂಗಪೂಜೆ ಮಾಡದೆ ಎಂದೂ ಉಂಡವಳಲ್ಲ. ಇಷ್ಟಲಿಂಗವನ್ನು ಹಿಡಿಯುವುದು ಎಡ ಅಂಗೈಯಲ್ಲಿ. ಆ ಕೈ ನೆಟ್ಟಗಿತ್ತು. ಪೂಜೆ ಮಾಡಬೇಕಾದ ಬಲಗೈ ತೊಡೆಯ ಮೇಲೆ ಬಿದ್ದಿತ್ತು. ಅದರ ಬದಲು ಭಾವ ಪತ್ರೆ ಏರಿಸಿ, ಲಿಂಗಕ್ಕೆ ನೀರು ಹನಿಸಿದರು. ಆ ನೀರೇ ಪಾದೋದಕ. ಅದನ್ನು ಬಟ್ಟಲಲ್ಲಿ ಹಿಡಿದು, ಒಂದು ಚಮಚ ಅಕ್ಕನ ಬಾಯಿಗೆ ಹಾಕಿದರು.

ಅಕ್ಕ ಸಣ್ಣಗೆ ಕೆಮ್ಮಿದಳು.

“ಅಣ್ಣಾ, ಇದ್ನ ದಿನಾ ಕೊಡ್ತೀರಾ?” ಎಂದರು ಫೋನಮ್ಮ.

“ಹ್ಞೂ, ದಿನಾ.”

“ನೀರು ಕೊಟ್ಟಿಲ್ಲ ಅಂದ್ರಲ್ಲ.”

ಉತ್ತರ ಕೊಟ್ಟದ್ದು ಭಾವನ ಅಕ್ಕ. “ಅದು ನೀರಲ್ಲ ಕಣಮ್ಮ, ಪಾದೋದಕ.”

ಭಾವ ಬಟ್ಟಲನ್ನು ಕೆಳಗಿಟ್ಟರು. ಫೋನಮ್ಮ ಅವರನ್ನು ಬೈಯಲಿಲ್ಲ. ಗಂಟಲಿಗೆ ಅದೂ ತೆಳುವೇ, ಆಸ್ಪತ್ರೆಯಲ್ಲಿ ನುಂಗುವ ಪರೀಕ್ಷೆ ಆಗುವ ತನಕ ಕೊಡಬೇಡಿ ಎಂದಷ್ಟೇ ಹೇಳಿ ಹೋದರು.

ಭಾವ ನಿಲ್ಲಿಸಿದರು. ಅಂದಿನಿಂದ ಅಕ್ಕ ಬಾಯಿ ತೆರೆಯಲಿಲ್ಲ. ಗಂಜಿಯ ಚಮಚ ತುಟಿಗೆ ಮುಟ್ಟಿದರೆ ಮುಖ ಗೋಡೆಗೆ ತಿರುಗಿಸುತ್ತಿದ್ದಳು. ಪಾದೋದಕವಿಲ್ಲದೆ ಊಟ ಹೇಗೆ ಇಳಿಯುತ್ತದೆ ಎಂದು ಭಾವನ ಅಕ್ಕ ಅವಳ ಪರವಾಗಿ ವಾದಿಸಿದರು. ಹೀಗೇ ಆದರೆ ಟ್ಯೂಬ್ ಹಾಕುತ್ತಾರೆ ಎಂದು ಭಾವ ಅಕ್ಕನ ತಲೆಯ ಮೇಲಿಂದಲೇ ಉತ್ತರ ಕೊಟ್ಟರು. ಅವಳ ಕೆನ್ನೆ ಒಳಕ್ಕೆ ಹೋಗತೊಡಗಿತು.

ಫೋನಮ್ಮ ಮತ್ತೆ ಬಂದರು. ನುಂಗುವಿಕೆ ನೋಡುವ ಥೆರಪಿಸ್ಟ್ ಹತ್ತಿರ ಮಾತಾಡಿಕೊಂಡೇ ಬಂದಿದ್ದರು. ಪಾದೋದಕವನ್ನು ಗಟ್ಟಿ ಗಂಜಿಗೆ ಬೆರೆಸಿ ಕೊಟ್ಟರೆ ಗಂಟಲಿಗೆ ತೊಂದರೆಯಿಲ್ಲವಂತೆ. ಗಂಜಿಗೆ ಬೆರೆಸುವ ಪಾದೋದಕವನ್ನು ಎಲ್ಲೂ ಕಂಡಿಲ್ಲ, ಕೇಳಿಲ್ಲ ಎಂದರು ಭಾವನ ಅಕ್ಕ.

“ಅದು ನಂಗೆ ಗೊತ್ತಿಲ್ಲ ದೊಡ್ಡಮ್ಮ. ನಂಗೆ ಗೊತ್ತಿರೋದು ಗಂಟಲು ಮಾತ್ರ. ಮಿಕ್ಕಿದ್ದು ಅಕ್ಕನ್ನೇ ಕೇಳ್ತೀನಿ.”

ಕಾಯಿಲೆ ಬಿದ್ದ ಮೇಲೆ ಅಕ್ಕನನ್ನು ಯಾರಾದರೂ ಏನಾದರೂ ಕೇಳಿದ್ದನ್ನು ನಾನು ನೋಡಿದ್ದು ಅಂದೇ ಮೊದಲು. ಫೋನಮ್ಮ ಅವಳ ಎಡಗೈ ಹಿಡಿದುಕೊಂಡು, ಹೌದಾದರೆ ಒತ್ತು, ಬೇಡವಾದರೆ ಬಿಡು ಎಂದರು. ಹಿಂದೂಪುರದಲ್ಲಿ ಪರೀಕ್ಷೆ ಆಗುವ ತನಕ ಬೆರೆಸಿದ್ದನ್ನು ತಗೊಳ್ಳುತ್ತೀಯಾ? ಅಕ್ಕ ಕಣ್ಣು ಮುಚ್ಚಿದಳು. ಬಹಳ ಹೊತ್ತು ಕೈ ಹಾಗೇ ಇತ್ತು. ಫೋನಮ್ಮ ಇನ್ನೊಂದು ಸಲ ಕೇಳಲಿಲ್ಲ. ಕೊನೆಗೆ ಬೆರಳುಗಳು ಮುಚ್ಚಿಕೊಂಡವು.

ಅಂದು ಅರ್ಧ ಬಟ್ಟಲು ಗಂಜಿ ಹೋಯಿತು. ಸಂತೋಷದಿಂದ ತಿಂದಳೆಂದು ಹೇಳಲಾರೆ.

ಎದೆ ಹಗುರಾದ ಮೇಲೆ ಪರೀಕ್ಷೆಯ ದಿನ ಬಂತು. ಕಾರು ಮಾಡಿಕೊಂಡು ಹೊರಟೆವು. ಸೋಮಂದೇಪಲ್ಲಿ ದಾಟಿದ ಮೇಲೂ ಭಾವ ಪಾದೋದಕದ ಒಂದು ಸಣ್ಣ ಸೀಸೆಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ತರಲು ಹೇಳಿದ್ದವರು ಫೋನಮ್ಮ. ಒಂದು ಚಮಚ ನೀರು ಕುಡಿಸಿ ನೋಡುವುದೇ ಪರೀಕ್ಷೆ. ಅಕ್ಕ ಆಸ್ಪತ್ರೆಯ ನೀರಿಗೆ ಬಾಯಿ ತೆರೆಯುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಥೆರಪಿಸ್ಟಿಗೆ ಮೊದಲೇ ಹೇಳಿ ಒಪ್ಪಿಸಿದ್ದರು.

ಅಕ್ಕನನ್ನು ನೆಟ್ಟಗೆ ಕೂರಿಸಿ, ಗದ್ದ ಎದೆಯ ಕಡೆ ಬಗ್ಗಿಸಿದರು. ಸೀಸೆಯಿಂದ ಒಂದು ಚಮಚ. ಥೆರಪಿಸ್ಟಿನ ಬೆರಳು ಅವಳ ಗಂಟಲ ಮೇಲಿತ್ತು. ಗಂಟಲು ಏರಿತು, ಇಳಿಯಿತು. ಕಾದೆವು. ‘ಆ’ ಅನ್ನಿ ಎಂದರು. ದನಿ ಒಣಗಿತ್ತು, ಒಳಗೆ ನೀರಿನ ಸದ್ದಿರಲಿಲ್ಲ. ಎರಡನೆಯ ಚಮಚಕ್ಕೆ ಅಕ್ಕ ಕೆಮ್ಮಿದಳು, ಕಣ್ಣಲ್ಲಿ ನೀರು ಬರುವಷ್ಟು.

ತೀರ್ಮಾನ ಹೀಗಾಯಿತು. ಲೋಟದ ನೀರು ಇನ್ನೂ ಬೇಡ, ಯಾವಾಗ ಎಂದು ಈಗ ಹೇಳಲಾಗದು. ಗಟ್ಟಿ ಗಂಜಿಯೇ ಮುಂದುವರಿಯಲಿ. ಬಾಯಿ ಶುಚಿ ಮಾಡಿ, ಹೀಗೇ ಕೂರಿಸಿ, ದಿನಕ್ಕೆ ಒಂದು ಚಮಚ ಪಾದೋದಕ ಕೊಡಬಹುದು. ಅದಕ್ಕಿಂತ ಹೆಚ್ಚು ಬೇಡ. ಟ್ಯೂಬ್ ಅಗತ್ಯವಿಲ್ಲ. ಅಕ್ಕ ಸೀಸೆಯನ್ನೇ ನೋಡುತ್ತಿದ್ದಳು.

ನಾನು ಮತ್ತೆ ಹೋದ ದಿನ ಪೂಜೆ ಮುಗಿದು, ಚಮಚ ಖಾಲಿಯಾಗಿ, ಎಲ್ಲರೂ ಉಸಿರು ಹಿಡಿದು ಅಕ್ಕನ ಗಂಟಲು ನೋಡುತ್ತಿದ್ದಾಗ ಫೋನ್ ಬಂತು. ಭಾವನ ಅಕ್ಕ ಎತ್ತಿಕೊಂಡರು. ಆ ಕಡೆಯಿಂದ ಪ್ರಶ್ನೆ ಬರುವುದಕ್ಕೂ ಬಿಡಲಿಲ್ಲ.

“ನೀರು ಕೊಟ್ಟಿಲ್ಲ ಕಣಮ್ಮ. ಪಾದೋದಕ ಕೊಟ್ಟಿದೀವಿ, ಒಂದೇ ಚಮಚ. ತಡಿ, ಇನ್ನೂ ನೋಡ್ತಾ ಇದೀವಿ.”

ಫೋನನ್ನು ಕಿವಿಗೆ ಒತ್ತಿಕೊಂಡೇ ಅಕ್ಕನ ಮುಖಕ್ಕೆ ಬಗ್ಗಿದರು.

“ಕೆಮ್ಮಿಲ್ಲ,” ಎಂದರು.